ಎಡ ಕಡಿಮೆ

ಇದು ಮಧ್ವೇಶನಿಗೆ ಆದದ್ದು. ಡೊಂಬಿವಲಿಯ ಕಾರ್ಖಾನೆ ಪ್ರದೇಶ ಎಂಐಡಿಸಿಯ ವಸತಿ ಭಾಗದಲ್ಲಿ ನಮ್ಮದೇ ಕಟ್ಟಡ, ಮೂರನೇ ಮಾಳಿಗೆ. ಭೌತಶಾಸ್ತ್ರದಲ್ಲಿ ಬಿಎಸ್ಸಿ. ಸುಳ್ಳು ಹೇಳುವವನಲ್ಲ. ತಾನು ಹೇಳಿದ್ದು ತಪ್ಪು ಎಂದರೆ ಸಹಿಸುವವನೂ ಅಲ್ಲ. ದೀಪ ಆರಿಸಿಕೊಂಡು ಕೇಳಿ ಎಂದು ನಾನು ಹೇಳುವುದಿಲ್ಲ. ಕಿವಿಯಲ್ಲಿ ಏನಾದರೂ ಸಿಕ್ಕಿಸಿಕೊಂಡಿದ್ದರೆ ಮಾತ್ರ... ತೆಗೆದಿಡಿ.

ಹೋದ ನವೆಂಬರಿನ ಮಾತು. ಮುಂಬಯಿ ಪಕ್ಕದ ಠಾಣೆ ಊರಿನಿಂದ ಕೊನೆಯ ಲೋಕಲ್ ರೈಲು ಹಿಡಿದು ಡೊಂಬಿವಲಿಯಲ್ಲಿ ಇಳಿದಾಗ ಒಂದು ಗಂಟೆ ದಾಟಿತ್ತು. ರಿಕ್ಷಾ ಸಿಗಲಿಲ್ಲ. ನಡೆದ. ನಲವತ್ತು ನಿಮಿಷದ ದಾರಿ.

ಆ ಹೊತ್ತಿನಲ್ಲೂ ಅವನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಹಾಡು ಹಾಕಿರಲಿಲ್ಲ. ನಡೆಯುವಾಗ ತಂತಿ ಅಂಗಿಗೆ ಉಜ್ಜಿ ಎಷ್ಟು ಸದ್ದು ಒಳಗೆ ಬರುತ್ತದೆ ಎಂದು ನೋಡುತ್ತಿದ್ದ. ಅದೇ ಅವನ ಹುಚ್ಚು. ಹಗಲು ಮಾಜಿವಾಡಾದ ಒಂದು ಕಚೇರಿಯಲ್ಲಿ ಕಾರ್ಖಾನೆಗಳ ಮಾಪಕಗಳನ್ನು ತಾಳೆ ನೋಡಿ ಸರ್ಟಿಫಿಕೇಟ್ ಕೊಡುವ ಕೆಲಸ. ರಾತ್ರಿ ಅಗ್ಗದ ಇಯರ್‌ಫೋನುಗಳ ಪರೀಕ್ಷೆ. ಹಾಡುಗಾರರು ವೇದಿಕೆಯ ಮೇಲೆ ಹಾಕಿಕೊಳ್ಳುತ್ತಾರಲ್ಲ, ಕಿವಿಯೊಳಗೆ ಭದ್ರವಾಗಿ ಕೂತು ತಂತಿ ಕಿವಿಯ ಮೇಲಿಂದ ಹಿಂದಕ್ಕೆ ಹೋಗುವಂಥದ್ದು, ಆ ಜಾತಿಯವು. ಎರಡು ಸಾವಿರದ ಒಳಗಿನವು ಮಾತ್ರ. ಸದ್ದು ಹೇಗಿದೆ, ಗೂಡು, ಅಂದರೆ ಹೊರಗಿನ ಚಿಪ್ಪು, ಗಟ್ಟಿ ಇದೆಯೇ, ಪಿನ್ ಎಷ್ಟು ದಿನ ಬಾಳುತ್ತದೆ... ಕನ್ನಡದಲ್ಲಿ ಒಂದು ವಿಡಿಯೊ, ಅದನ್ನೇ ಹಿಂದಿಯಲ್ಲಿ ಇನ್ನೊಂದು. ನೋಡುವವರು ಲಕ್ಷದ ಮೇಲೆ. ಅಗ್ಗದವುಗಳಲ್ಲಿ ಎಡ ಬಲದ ಸದ್ದು ಸಮ ಇರುವುದಿಲ್ಲ ಎಂದು ಕಂಡುಹಿಡಿದವನು ಇವನೇ ಎಂದು ಜನ ನಂಬಿದ್ದರು. ಅವನೂ ನಂಬಿದ್ದ.

ಮನೆಗಳು ಮುಗಿದು ಕಾರ್ಖಾನೆಗಳು ಶುರುವಾಗುವಲ್ಲಿ ಒಂದು ಬಾವಿ ಇದೆ. ಊರಿದ್ದ ಕಾಲದ್ದು. ಊರು ಹೋಯಿತು, ಬಾವಿ ಉಳಿಯಿತು. ಮೇಲೆ ಕಬ್ಬಿಣದ ಜಾಲರಿ, ಅದಕ್ಕೆ ಬೀಗ. ಅಲ್ಲಿಗೆ ಬರುವಾಗ ಅವನ ಕಿವಿಯಲ್ಲಿ ತಂತಿಯ ಕರ್ರ್... ಕರ್ರ್... ಮಾತ್ರ ಇತ್ತು. ಆಮೇಲೆ...

ಟಣ್. ಟಣ್.

ನಿಂತ. ತಂತಿಯ ಸದ್ದೂ ನಿಂತಿತು.

ಟಣ್. ಟಣ್.

ಒಂದು ಕಿವಿಯದನ್ನು ಕಿತ್ತ. ಜಾಲರಿಯ ಮೇಲೆ ಒಬ್ಬ ಕೂತಿದ್ದ. ಬೈಕಿನ ಕೀಲಿಯಿಂದ ಕಬ್ಬಿಣಕ್ಕೆ ತಟ್ಟುತ್ತಿದ್ದ. ಮೂವತ್ತರ ಆಸುಪಾಸು. ಮೈಯಿಂದ ಈರುಳ್ಳಿಯ, ಕರಿದ ಎಣ್ಣೆಯ ವಾಸನೆ. ಅವನ ಕೆಳಗೆ, ಬಾವಿಯೊಳಗೆಲ್ಲೋ, ನೀರು ತೊಟ್... ತೊಟ್... ಎನ್ನುತ್ತಿತ್ತು.

"ಮಧ್ವೇಶ ಅಂದ್ರೆ ನೀವೇ ಅಲ್ವಾ? ವಿಡಿಯೊದಲ್ಲಿ ಇದಕ್ಕಿಂತ ದಪ್ಪ ಕಾಣ್ತೀರಿ."

"ಯಾರು ನೀವು?"

"ಮೆಲ್ಲ. ಆ ಮನೆಗಳಲ್ಲಿ ಜನ ಮಲಗಿದ್ದಾರೆ." ಅವನು ಇಳಿದು ಬಂದ. "ಚೆನ್ನಯ. ಘಣಸೋಲಿಯಲ್ಲಿ ಹೋಟ್ಲು, ತವಾದ ಮುಂದೆ ನಿಲ್ಲುವವ. ನಾನು ಯಾರು ಅಂತ ಬಿಡಿ, ನಿಮ್ಮನ್ನೇ ಕಾಯ್ತಾ ಇದ್ದೆ. ಮುಂಡಪ್ಪ ಅಂತ ಹೆಸರು ನೆನಪುಂಟಾ?"

ನೆನಪಿತ್ತು. ಬಾವಿಯ ಹಿಂದಿನ ಸಾಲಿನಲ್ಲೇ ಮುಂಡಪ್ಪನ ಗಾಳಾ, ಎಂದರೆ ಶಟರ್ ಇರುವ ಒಂದು ಕೋಣೆಯ ಕಾರ್ಖಾನೆ. ಒಬ್ಬನೇ ಕೂತು ಕೈಯಲ್ಲೇ, ಕೇಳಿದವರಿಗೆ ಅವರವರ ಕಿವಿಯ ಅಳತೆಗೂ, ಇಯರ್‌ಫೋನ್ ಮಾಡುತ್ತಿದ್ದ ಮನುಷ್ಯ. ವರ್ಷದ ಹಿಂದೆ ಪರೀಕ್ಷೆಗೆಂದು ಒಂದು ಜೋಡಿ ಕಳಿಸಿದ್ದ. ಮಧ್ವೇಶ ವಿಡಿಯೊ ಮಾಡಿದ. ಗೂಡು ನುಣುಪಾಗಿದೆ, ತಂತಿ ಗಟ್ಟಿ, ಪಿನ್ ಅಲ್ಲಾಡುವುದಿಲ್ಲ, ಆದರೆ ಎಡ ಕಡಿಮೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೊನೆಗೆ ಒಂದು ಮಾತು ಸೇರಿಸಿದ: "ಇದನ್ನ ಮಾಡಿದವರಿಗೆ ಕಿವಿ ಕೇಳಿಸುತ್ತಾ ಅಂತ ಯಾರಾದ್ರೂ ವಿಚಾರಿಸಿ." ಜನ ಅಷ್ಟನ್ನೇ ಕತ್ತರಿಸಿ ಹಂಚಿದರು. ಅವನ ವಿಡಿಯೊಗಳಲ್ಲೆಲ್ಲ ಹೆಚ್ಚು ಓಡಿದ್ದು ಅದೇ.

"ನನ್ನ ಮಾವ," ಚೆನ್ನಯ ಹೇಳಿದ. "ಅಮ್ಮನ ತಮ್ಮ. ಹೋಗಿ ತಿಂಗಳಾಯ್ತು."

"ಹೋಗಿ ಅಂದ್ರೆ..."

"ಹೋದ್ರು. ಹಾರ್ಟು. ಅದಕ್ಕೂ ನಿಮಗೂ ಸಂಬಂಧ ಉಂಟು ಅಂತ ನಾನು ಹೇಳುದಿಲ್ಲ. ಆ ವಿಡಿಯೊ ತೆಗೀರಿ. ಇವತ್ತಿಗೂ ಮಾವನ ಹೆಸರು ಹಾಕಿದ್ರೆ ಮೊದಲು ಬರುದು ಅದು. ಸತ್ತ ಮೇಲೂ ಅವರು ಕಿವುಡ. ಊರಲ್ಲಿ ಮಕ್ಕಳು ಸಹ ಅದನ್ನು ಹೇಳಿ ನಗ್ತವೆ."

"ತಪ್ಪು ಅಂತ ತೋರ್ಸಿ, ತೆಗೀತೀನಿ."

"ಸತ್ತವರ ಮೇಲೆ ಎಂತ ಹಟ ಮಾರಾಯ್ರೆ ನಿಮ್ಮದು?"

"ಸತ್ತರೆ ಅಳತೆ ಬದಲಾಗುತ್ತಾ?"

ಚೆನ್ನಯ ಕೀಲಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡ. ಹೊಡೆಯುತ್ತಾನೆ ಎಂದೇ ಮಧ್ವೇಶ ಎಣಿಸಿದ. ಹೊಡೆಯಲಿಲ್ಲ.

"ಅಳತೆ..." ಚೆನ್ನಯ ಉಗುಳಿದಂತೆ ಹೇಳಿದ. "ಹೆಸರು ನೋಡಿ ಮಾರ್ಕು ಕೊಡುವವರು ನೀವು. ಕಣ್ಣು ಕಟ್ಟಿದ್ರೆ ಮಾವನದ್ದು ಯಾವುದು, ಬೇರೆಯವರದ್ದು ಯಾವುದು, ನಿಮಗೆ ಗೊತ್ತಾಗ್ಲಿಕ್ಕಿಲ್ಲ."

ಬೇರೆ ಏನು ಬೈದಿದ್ದರೂ ಮಧ್ವೇಶ ಮನೆಗೆ ಹೋಗುತ್ತಿದ್ದ. ಇದು ಚುಚ್ಚಿತು.

"ಕಟ್ಟಿ," ಎಂದ. "ಈಗಲೇ ಕಟ್ಟಿ."

ಗಾಳಾದ ಕೀಲಿ ಚೆನ್ನಯನ ಕೈಯಲ್ಲಿದ್ದ ಗೊಂಚಲಿನಲ್ಲೇ ಇತ್ತು. ಗಂಟೆ ಎರಡಕ್ಕೆ ಹತ್ತಿರ. ಅಳೆಯುವುದಕ್ಕೆ ಅದು ಒಳ್ಳೆಯ ಹೊತ್ತೇ. ಪಾಳಿ ಮುಗಿದಿರುತ್ತದೆ, ಲೋಕಲ್ ನಿಂತಿರುತ್ತದೆ, ನಾಯಿಗಳಿಗೂ ದಣಿವು.

ಶಟರ್ ಗಡಗಡಗಡ ಎಂದು ಮೇಲೆ ಹೋಯಿತು. ಒಳಗೆ ಒಂದು ಟ್ಯೂಬ್‌ಲೈಟ್. ಉದ್ದದ ಮೇಜು, ತೋಳಿಗೆ ಸಿಕ್ಕಿಸಿದ ಭೂತಗನ್ನಡಿ, ಸಾಲಾಗಿ ಜೋಡಿಸಿಟ್ಟ ಚಿಮಟಗಳು. ಒಂದು ಗೋಡೆಯ ತುಂಬ ಸಣ್ಣ ಸಣ್ಣ ಡಬ್ಬಿಗಳು, ಸೂರಿನವರೆಗೆ. ಅಂಗಡಿಗಳಿಂದ ವಾಪಸ್ ಬಂದವು. ಎಲ್ಲದರ ಮೇಲೂ ತಿಂಗಳ ಧೂಳು. ಚೆನ್ನಯ ಶಟರನ್ನು ಅರ್ಧಕ್ಕಿಂತ ಕೆಳಕ್ಕೆ ಎಳೆದ.

ಮಧ್ವೇಶ ಕ್ರಮ ಹೇಳಿದ. ಅವನಿಗೆ ಕ್ರಮವಿಲ್ಲದೆ ಆಗದು. ಮುಂಡಪ್ಪನ ಮೂರು ಜೋಡಿ, ತನ್ನ ಚೀಲದಿಂದ ಮೂರು. ಎಲ್ಲಕ್ಕೂ ಒಂದೇ ಅಳತೆಯ ರಬ್ಬರ್ ಟಿಪ್. ಒಂದೊಂದನ್ನೂ ಎರಡು ಸಲ, ಕಲಸಿ. ಹನ್ನೆರಡು ಸುತ್ತು.

"ನನ್ನ ಪ್ಲೇಯರಿಂದ ಬರೋ ಶಬ್ದ ಒಂದೇ. ಮಳೆ ಸುರಿದ ಹಾಗೆ ಸುಯ್ ಅಂತ ಇರುತ್ತೆ, ಎರಡೂ ಕಡೆ ಒಂದೇ ಸಮ. ಇಯರ್‌ಫೋನ್ ಸರಿ ಇದ್ರೆ ಅದು ಹಣೆ ನಡುವೆ ನಿಲ್ಲುತ್ತೆ. ಎಡ ಕಡಿಮೆ ಇದ್ರೆ ಬಲಕ್ಕೆ ಜಾರುತ್ತೆ. ಹಾಕೋದು ನೀವು, ನಾನು ಮುಟ್ಟೋಲ್ಲ. ಮುಟ್ಟಿದ್ರೆ ಆಕಾರದಲ್ಲೇ ಗೊತ್ತಾಗಿಬಿಡುತ್ತೆ. ಮತ್ತೆ, ನೀವು ಬಾಯಿ ಬಿಡಬಾರದು. ಧ್ವನಿಯಲ್ಲಿ ಸುಳಿವು ಸಿಗುತ್ತೆ. ಹಾಕಿ ಆದ್ಮೇಲೆ ಮೇಜಿಗೆ ಎರಡು ಸಲ ತಟ್ಟಿ, ನಾನು ಉತ್ತರ ಹೇಳ್ತೀನಿ."

"ಮಾತಾಡಬಾರದು, ತಟ್ಟಬೇಕು. ಎಮ್ಮೆಗೆ ಹೇಳಿದ ಹಾಗೆ ಹೇಳ್ತೀರಿ."

"ನಿಮ್ಮ ಮಾವನ ಮೂರರಲ್ಲಿ ಒಂದನ್ನ ಸಮ ಅಂದ್ರೂ ನಾನು ಸೋತೆ. ನಡುವೆ ಕಣ್ಣುಪಟ್ಟಿ ತೆಗೆದ್ರೂ ಸೋತೆ. ಇಲ್ಲೇ ಆ ವಿಡಿಯೊ ಅಳಿಸ್ತೀನಿ."

"ಬಾಯಿಮಾತು ಯಾರಿಗೆ ಬೇಕು?" ಚೆನ್ನಯ ತನ್ನ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ ಮೇಜಿನ ಮೇಲೆ ಮಗುಚಿಟ್ಟ. ಒಂದು ಕರಿಯ ಟವೆಲ್ ತಂದು ಮಧ್ವೇಶನ ಕಣ್ಣಿಗೆ ಬಿಗಿದ. ಬೇಕೆಂದೇ ಬಿಗಿದ. ಗಂಟು ತಲೆಬುರುಡೆಗೆ ಒತ್ತಿತು.

ಮಧ್ವೇಶ ಸ್ಟೂಲಿನ ಮೇಲೆ ಕೂತ. ಮೊಣಕೈ ಮೇಜಿನ ಮೇಲೆ. ತಟ್ಟಿದರೆ ಮೂಳೆಗೇ ತಿಳಿಯುತ್ತಿತ್ತು.

ಒಂದನೇ ಸುತ್ತು. ಚೆನ್ನಯನ ಬೆರಳು ಬೆಚ್ಚಗೆ, ದಪ್ಪ, ಒರಟು. ಈರುಳ್ಳಿ ವಾಸನೆ. ಬೆಣೆ ಹೊಡೆಯುವವನಂತೆ ಒತ್ತಿದ. ಸುಯ್... ಟಕ್ ಟಕ್.

"ಎಡ ಕಡಿಮೆ."

ಎರಡನೇ ಸುತ್ತು. ಟಕ್ ಟಕ್. "ಎಡ ಕಡಿಮೆ."

ಮೂರು. "ಸಮ." ಪೆನ್ನು ಕಾಗದದ ಮೇಲೆ ಕೆರೆದದ್ದು ಮೇಜಿನ ಮೂಲಕ ತಿಳಿಯಿತು.

ನಾಲ್ಕು. "ಎಡ ಕಡಿಮೆ."

ಈ ಜೋಡಿಯನ್ನು ಕೂಡಲೇ ಕೀಳಲಿಲ್ಲ, ಕಿವಿಯಲ್ಲಿ ಸುಯ್ ಎನ್ನುತ್ತಲೇ ಇತ್ತು. ಅದರಾಚೆ ಸ್ವಲ್ಪ ಹೊತ್ತು ಏನೂ ಇಲ್ಲ. ಬರೆಯುತ್ತಿರಬೇಕು ಎಂದುಕೊಂಡ. ಎಲ್ಲೋ ದೂರದಲ್ಲಿ ಕಬ್ಬಿಣ ಗಡ ಎಂದ ಹಾಗಾಯಿತು. ಪಕ್ಕದ ಗಾಳಾ ಇರಬೇಕು ಎಂದುಕೊಂಡ.

ಐದನೇ ಸುತ್ತು.

ಹಳೆಯ ಜೋಡಿ ಪಿಚ್ ಎಂದು ಹೊರಗೆ ಬಂತು. ಕಿವಿಯ ಮೇಲ್ತುದಿಯನ್ನು ಎರಡು ಬೆರಳು ಹಿಡಿದವು. ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆದವು. ಹಾಗೆ ಎಳೆದರೆ ಕಿವಿಯ ಸುರಂಗ ನೆಟ್ಟಗಾಗುತ್ತದೆ, ಟಿಪ್ ಸಲೀಸಾಗಿ ಕೂರುತ್ತದೆ. ತಿಳಿದವರಷ್ಟೇ ಮಾಡುವ ಕೆಲಸ. ಗೂಡು ಅರ್ಧ ಸುತ್ತು ತಿರುಗಿ ತನ್ನ ಜಾಗದಲ್ಲಿ ಕೂತಿತು. ತಂತಿ ಕಿವಿಯ ಮೇಲಿಂದ ಹಿಂದಕ್ಕೆ ಹೋಯಿತು. ಎರಡೂ ಕಡೆ. ಒಂದಿಷ್ಟೂ ನೋಯಲಿಲ್ಲ.

ಕಲಿತುಬಿಟ್ಟ ಇವನು... ಎಂದುಕೊಂಡ ಮಧ್ವೇಶ.

ಬೆರಳು ತಣ್ಣಗಿತ್ತು. ಒಣಗಿತ್ತು. ಈರುಳ್ಳಿ ವಾಸನೆ ಇರಲಿಲ್ಲ. ಬೆಸುಗೆ ಹಾಕುವಾಗ ಏಳುವ ಹೊಗೆಯ ವಾಸನೆ ಇತ್ತು, ಮೂಗಿನ ಬುಡದಲ್ಲಿ.

ಟಕ್. ಟಕ್.

"ಎಡ ಕಡಿಮೆ," ಎಂದ. ಧ್ವನಿ ತನಗೇ ಸಣ್ಣದಾಗಿ ಕೇಳಿತು.

ಪೆನ್ನಿನ ಸದ್ದಿಲ್ಲ. ಜೋಡಿ ಎರಡೂ ಕಿವಿಯಿಂದ ಹೊರಗೆ ಬಂತು. ತಂತಿ ಗಲ್ಲದ ಕೆಳಗೆ ಹರಿದಾಡಿತು. ಮತ್ತೆ ಅದೇ ಜೋಡಿ ಕಿವಿಯ ಹತ್ತಿರ ಬಂತು. ಆದರೆ ಈ ಸಲ ಗೂಡು ಕೂರಲಿಲ್ಲ. ಅದರ ಉಬ್ಬು ತಪ್ಪು ಕಡೆ ಒತ್ತಿತು. ಮಧ್ವೇಶನಿಗೆ ತಿಳಿಯಿತು. ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ. ತಿರುಗಿಸಿ ಹಾಕುತ್ತಿದ್ದಾನೆ. ಹಾಗೆ ಹಾಕಿದ್ದು ತಾನಾಗಿ ನಿಲ್ಲದು. ಅದಕ್ಕೇ ಬೆರಳುಗಳು ಎರಡೂ ಕಡೆ ಒತ್ತಿ ಹಿಡಿದವು.

"ಇದು ಕ್ರಮದಲ್ಲಿಲ್ಲ," ಎಂದ.

ಟಕ್. ಟಕ್.

ಎರಡು ಕೈಯೂ ಅವನ ಕಿವಿಯ ಮೇಲಿದ್ದವು. ಮೇಜಿಗೆ ತಟ್ಟಿದ್ದು ಯಾವ ಕೈ... ಅದನ್ನು ಅವನು ಆಗ ಯೋಚಿಸಲಿಲ್ಲ. ಶಬ್ದ ಕೇಳಿದ. ಕೇಳುವುದು ಅಭ್ಯಾಸ. ಎಡಬಲ ಅದಲುಬದಲಾಗಿದ್ದರೆ ಈಗ ಶಬ್ದ ಎಡಕ್ಕೆ ಜಾರಬೇಕು. ಲೆಕ್ಕ ಸರಳ. ಕಾದ.

ಜಾರಲಿಲ್ಲ. ಶಬ್ದ ಬಲಗಡೆಯೇ ನಿಂತಿತ್ತು. ಮೊದಲು ಎಲ್ಲಿತ್ತೋ ಅಲ್ಲೇ.

"ಎಡ..." ಎಂದು ನಿಲ್ಲಿಸಿದ.

ಬೆರಳುಗಳು ಕಿತ್ತು ನೆಟ್ಟಗೆ ಹಾಕಿದವು. ಬಲಗಡೆಗೇ. ತಿರುಗಿಸಿ ಹಾಕಿದವು. ಬಲಗಡೆಗೇ. ಇನ್ನೊಮ್ಮೆ. ಈಗ ಮೊದಲಿನ ಮೆದುತನ ಇರಲಿಲ್ಲ. ಗೂಡಿನ ಅಂಚು ಕಿವಿಯ ಎಲುಬಿಗೆ ತಾಗಿ ಉರಿಯಿತು. ಇಯರ್‌ಫೋನ್ ಕಡೆ ಬದಲಿಸುತ್ತಿತ್ತು. ತಪ್ಪು ಬದಲಿಸುತ್ತಿರಲಿಲ್ಲ.

ಆಗ ಅವನಿಗೆ ಒಂದು ಫೋನ್ ಕರೆ ನೆನಪಾಯಿತು. ವಿಡಿಯೊ ಹಾಕಿದ ಮಾರನೆಯ ದಿನದ್ದು. ವಯಸ್ಸಾದ ಧ್ವನಿ. "ಸ್ವಾಮೀ, ಒಂದು ಸಲ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡ್ತೀರಾ? ಮತ್ತೆ ನೀವು ಹೇಳಿದ್ದೇ ಸರಿ." ಹೇಗೆ ಪರೀಕ್ಷೆ ಮಾಡಬೇಕು ಅಂತ ನಂಗೆ ಹೇಳಿಕೊಡಬೇಡಿ ಎಂದಿದ್ದ ಮಧ್ವೇಶ. ಫೋನ್ ಇಟ್ಟಿದ್ದ. ಆ ನಂಬರನ್ನು ಬ್ಲಾಕ್ ಮಾಡಿದ್ದ.

ಅವನು ಆ ಮಾತನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಚೆನ್ನಯನಿಗೆ ಗೊತ್ತಿರಲು...

"ಚೆನ್ನಯ," ಎಂದ ಪಿಸುದನಿಯಲ್ಲಿ. "ಸಾಕು."

ಮಾತಾಡಬಾರದು ಎಂದು ಚೆನ್ನಯನಿಗೆ ಹೇಳಿದವನು ತಾನೇ.

ಟವೆಲಿಗೆ ಕೈ ಹೋಯಿತು. ಹೋದ ಕೈ ನಿಂತಿತು. ಬಿಚ್ಚಿದರೆ ಸೋತ ಹಾಗೆ. ಹೆದರಿ ಬಿಚ್ಚಿದ ಎಂದು ಚೆನ್ನಯ ಘಣಸೋಲಿಯ ತುಂಬ ಹೇಳಿಕೊಂಡು ಬರುತ್ತಾನೆ. ನೀವಾಗಿದ್ದರೆ ಬಿಚ್ಚುತ್ತಿದ್ದಿರಿ. ನಾನಾಗಿದ್ದರೂ ಬಿಚ್ಚುತ್ತಿದ್ದೆ. ಅವನು ಕೈ ಇಳಿಸಿದ.

ಶಬ್ದ ನಿಂತಿತು. ಪ್ಲೇಯರ್ ಯಾರೋ ಆರಿಸಿದ್ದರು. ಎರಡೂ ಕಿವಿ ಬಿಗಿಯಾಗಿ ಮುಚ್ಚಿದಾಗ ಒಳಗೆ ಏನೇನು ಕೇಳುತ್ತದೆ ಗೊತ್ತಲ್ಲ... ತನ್ನದೇ ಎದೆ, ಡಬ್ ಡಬ್. ತನ್ನದೇ ನುಂಗು, ಗುಳುಕ್. ಅಷ್ಟೇ.

ಟಕ್. ಟಕ್.

ಈ ಸಲ ಮೇಜಿನ ಮೇಲಲ್ಲ. ಎಡಗಿವಿಯ ಗೂಡಿನ ಮೇಲೆ. ಉಗುರಿನಿಂದ. ಮುಚ್ಚಿದ ಕಿವಿಯೊಳಗೆ ಅದು ಸುತ್ತಿಗೆಯ ಏಟಿನಂತೆ ಬಿತ್ತು.

"ಸಮ!" 

ಅದು ಸುಳ್ಳು. ಅವನಿಗೆ ಸಮ ಕೇಳಿರಲಿಲ್ಲ. ಬೆರಳು ಒತ್ತಿತು. ಟಿಪ್ ಇನ್ನೂ ಒಳಕ್ಕೆ ಹೋಯಿತು. ಎಡಗಣ್ಣಿನಲ್ಲಿ ನೀರು ಬಂತು.

ಟಕ್. ಟಕ್.

"ಎಡ ಕಡಿಮೆ... ಎಡ ಕಡಿಮೆ!"

ಅದೂ ಸಾಲಲಿಲ್ಲ. ಇನ್ನೂ ಒಳಕ್ಕೆ. ತಲೆ ಹಿಂದಕ್ಕೆ ಬಾಗಿತು. ಗಲ್ಲದ ಕೆಳಗೆ ಹೆಬ್ಬೆರಳು ಕೊಟ್ಟು ಮುಖವನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು, ಮಗುವಿಗೆ ಔಷಧ ಹಾಕುವಾಗ ಹಿಡಿಯುವಂತೆ.

ಟಕ್. ಟಕ್. ಟಕ್. ಟಕ್.

"ನನ್ನ ಕಿವಿ," ಎಂದ ಮಧ್ವೇಶ. "ನಿಮ್ಮದು ಸರಿ ಇದೆ. ತಪ್ಪು ನನ್ನ ಎಡಗಿವೀದು. ನಾನು ತಿರುಗಿಸಿ ನೋಡಲೇ ಇಲ್ಲ."

ತಟ್ಟುವುದು ನಿಂತಿತು.

ಬೆರಳು ಅಲ್ಲೇ ಇದ್ದವು. ಒತ್ತಲಿಲ್ಲ, ಬಿಡಲೂ ಇಲ್ಲ. ಹಾಗೆ ಎಷ್ಟು ಹೊತ್ತು ಎಂದು ಕೇಳಿದರೆ ಅವನಿಗೆ ಹೇಳಲು ಬರುವುದಿಲ್ಲ.

ಆಮೇಲೆ... ಸ್ಟೂಲಿನ ಕಾಲು ನಡುಗಿತು. ಗಡಗಡಗಡ. ಹದಿನೈದು ಅಡಿ ದೂರದಲ್ಲಿ ಶಟರ್ ಮೇಲೆ ಹೋಗುತ್ತಿತ್ತು. ಚಪ್ಪಲಿಯ ಸದ್ದು. ಅಲ್ಲಿಂದ, ಆ ಬಾಗಿಲಿನಿಂದ, ಚೆನ್ನಯನ ಏದುಸಿರಿನ ಧ್ವನಿ.

"ಆ ವಾಚ್‌ಮನ್... ಗಾಡಿ ತೆಗಿ ತೆಗಿ ಅಂತ ಪ್ರಾಣ ತಿಂದ ಮಾರಾಯ್ರೆ. ಮೇನ್ ಗೇಟಿನವರೆಗೆ ಓಡಿಸಿದ."

ಎರಡೂ ಕಿವಿಯ ಮೇಲೆ ಆಗಲೂ ಬೆರಳುಗಳಿದ್ದವು.

ಅವು ಒಂದೊಂದಾಗಿ ಬಿಟ್ಟವು. ಕಿರುಬೆರಳು ಕೊನೆಗೆ.

ಮಧ್ವೇಶ ಟವೆಲ್ ಕಿತ್ತ. ಟ್ಯೂಬ್‌ಲೈಟ್. ಮೇಜು. ಭೂತಗನ್ನಡಿ. ಡಬ್ಬಿಗಳ ಗೋಡೆ. ಬಾಗಿಲಲ್ಲಿ ಚೆನ್ನಯ. ಬೇರೆ ಯಾರೂ ಇಲ್ಲ.

"ಯಾವಾಗ... ಹೋದದ್ದು?"

"ನಾಲ್ಕನೆಯದ್ದು ಬರೆದು ಆಯ್ತು, ಅವ ಶಟರ್ ಕೆಳಗಿಂದ ಟಾರ್ಚ್ ಬಿಟ್ಟ. ಮಾತಾಡಬಾರದು ಅಂದದ್ದು ನೀವೇ. ಸುಮ್ಮನೆ ಹೋದೆ. ಒಂದು ಕಾಲು ಗಂಟೆ ಆಗಿರ್ಬಹುದು." ಚೆನ್ನಯ ಹತ್ತಿರ ಬಂದು ನಿಂತ. ಅವನ ಮುಖದಲ್ಲಿ ಸಿಟ್ಟು ಇತ್ತು, ಜೊತೆಗೆ ಇನ್ನೇನೋ ಇತ್ತು. "ನಿಮ್ಮ ತಲೆ ಎಂತಕ್ಕೆ ಹಾಗೆ ಮೇಲೆ ಎತ್ತಿದ್ದು? ಯಾರೋ ಹಿಡ್ಕೊಂಡ ಹಾಗೆ?"

ಮಧ್ವೇಶ ಕಿವಿಯಲ್ಲಿದ್ದುದನ್ನು ಬಿಡಿಸಿ ಮೇಜಿನ ಮೇಲಿಟ್ಟ. ಮುಂಡಪ್ಪನದೇ ಜೋಡಿ. ತಿರುಗುಮುರುಗಾಗಿ ಹಾಕಿತ್ತು. ಆದರೂ ನೋಡಿ, ಮನುಷ್ಯ ಎಂಥ ಜಾತಿ... ಎದ್ದು ನಿಂತವನೇ ಹೇಳಿದ: "ನೀವು ಜಾಗ ಬಿಟ್ಟು ಹೋದ್ರಿ. ಪರೀಕ್ಷೆ ರದ್ದು. ವಿಡಿಯೊ ಇರುತ್ತೆ."

"ಎಂತ?"

"ನಾಲ್ಕೇ ಸುತ್ತು ಆಗಿರೋದು. ನಾಲ್ಕರಿಂದ ಏನೂ ಸಾಬೀತಾಗೋಲ್ಲ."

ಚೆನ್ನಯ ಕಾಗದ ಎತ್ತಿ ಅವನ ಮುಖಕ್ಕೆ ಹಿಡಿದ. "ಎರಡನೇದು ನೋಡಿ. ಎಡ ಕಡಿಮೆ ಅಂದ್ರಲ್ಲ, ಅದು ನಿಮ್ಮ ಚೀಲದ್ದು. ಎರಡು ವರ್ಷದ ಹಿಂದೆ ನೀವೇ ಹೊಗಳಿ ಹೊಗಳಿ ಇಟ್ಟದ್ದು. ಅದೇ ಕೆಂಪು ತಂತಿಯದ್ದು."

"ಹಳೇದಾಗಿದೆ. ಕೆಟ್ಟಿರಬಹುದು."

"ನೀನು ಮನುಷ್ಯನಾ?" ಚೆನ್ನಯನ ಬಾಯಿಂದ ಬಹುವಚನ ಹೋಯಿತು. "ಮಾವ ಇದ್ದಾಗಲೂ ಹೀಗೇ ಮಾಡಿದೆಯಾ? ಅವರಿಗೆ ನಿನ್ನ ಹಾಗೆ ಮಾತಾಡ್ಲಿಕ್ಕೆ ಬರ್ತಿರ್ಲಿಲ್ಲ. ಅದೊಂದೇ ಅವರ ತಪ್ಪು." ಮೇಜಿನ ಮೇಲೆ ಮಗುಚಿಟ್ಟಿದ್ದ ಮೊಬೈಲ್ ಎತ್ತಿಕೊಂಡ. ರೆಕಾರ್ಡಿಂಗ್ ಓಡುತ್ತಲೇ ಇತ್ತು. ನಿಲ್ಲಿಸಿ, ಹಿಂದಕ್ಕೆ ಎಳೆದು ಹಚ್ಚಿದ.

ಮೊದಲು ಶಟರಿನ ಗಡ. ಚೆನ್ನಯನ ಚಪ್ಪಲಿ ದೂರವಾದದ್ದು. ಬೈಕ್ ಶುರುವಾದದ್ದು, ಹೋದದ್ದು. ಆಮೇಲೆ ಏನೂ ಇಲ್ಲ.

ಟಕ್. ಟಕ್.

"ಎಡ ಕಡಿಮೆ." ಮಧ್ವೇಶನ ಧ್ವನಿ.

ಚೆನ್ನಯ ಮೊಬೈಲನ್ನು ಕಿವಿಯ ಹತ್ತಿರ ತಂದ. ಇಬ್ಬರೂ ಅಲ್ಲಾಡಲಿಲ್ಲ. ಇದು ಕ್ರಮದಲ್ಲಿಲ್ಲ ಎಂದದ್ದು. ಚೆನ್ನಯ ಎಂದು ಕರೆದದ್ದು. ಸಮ ಎಂದು ಕೂಗಿದ್ದು. ನಡುನಡುವೆ ಆ ಎರಡು ಏಟು. ಒಬ್ಬನದೇ ಉಸಿರು, ಇನ್ನೊಬ್ಬರದಿಲ್ಲ. ಕೊನೆಗೆ...

"ನಿಮ್ಮದು ಸರಿ ಇದೆ. ತಪ್ಪು ನನ್ನ ಎಡಗಿವೀದು. ನಾನು ತಿರುಗಿಸಿ ನೋಡಲೇ ಇಲ್ಲ."

ಚೆನ್ನಯ ನಿಲ್ಲಿಸಿದ. ಪಿಸುದನಿಯಲ್ಲಿ ಕೇಳಿದ.

"ಯಾರಿಗೆ ಹೇಳಿದ್ದು ಅದು... ನೀನು?"

ಮಧ್ವೇಶ ಡಬ್ಬಿಗಳ ಗೋಡೆ ನೋಡಿದ. ಆಮೇಲೆ ತನ್ನ ಮೊಬೈಲ್ ತೆಗೆದು, ಚೆನ್ನಯನ ಕಣ್ಣೆದುರೇ, ವಿಡಿಯೊ ಅಳಿಸಿದ. ಕನ್ನಡದ್ದು. ಆಮೇಲೆ ಹಿಂದಿಯದ್ದು. ಖಚಿತವೇ ಎಂದು ಅದು ಎರಡು ಸಲ ಕೇಳುತ್ತದೆ. ಎರಡು ಸಲವೂ ಒತ್ತಿದ.

"ಅಳಿಸಿದ್ರೆ ಆಯ್ತಾ?" ಚೆನ್ನಯ ಹೇಳಿದ. "ಕತ್ತರಿಸಿ ಹಂಚಿದ್ದು ಇನ್ನೂ ಓಡ್ತಾ ಉಂಟು. ಬಾಯಲ್ಲಿ ಹೇಳು. ಎಲ್ಲರ ಎದುರು."

ಹೇಳಿದ. ಮಾರನೆಯ ರಾತ್ರಿ, ನಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿ, ಒಂದು ನಿಮಿಷದ ವಿಡಿಯೊ. "ಮುಂಡಪ್ಪ ಎಂಬವರ ಕೆಲಸ ಸರಿಯಾಗಿತ್ತು, ಕೇಳದಿದ್ದದ್ದು ಅವರಿಗಲ್ಲ, ನನಗೆ. ಒಂದೂವರೆ ವರ್ಷದಲ್ಲಿ ನಾನು ಎಡ ಕಡಿಮೆ ಎಂದ ಹನ್ನೊಂದು ಇಯರ್‌ಫೋನುಗಳ ಮಾತನ್ನೂ ವಾಪಸ್ ತೆಗೆದುಕೊಂಡಿದ್ದೇನೆ. ಸಮ ಎಂದವುಗಳಲ್ಲಿ ಬಲವೇ ಕಡಿಮೆ ಇದ್ದಿರಬೇಕು." ಕೆಳಗೆ ಬಂದ ಬೈಗುಳಗಳನ್ನು ನಾನೂ ಓದಿದ್ದೇನೆ. ಇಲ್ಲಿ ಹೇಳುವಂಥವಲ್ಲ. ಕಿವುಡ ಎಂಬುದು ಅವುಗಳಲ್ಲಿ ಮೃದುವಾದದ್ದು. ಚೆನ್ನಯ ಮಾತ್ರ ಏನೂ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಇವತ್ತಿಗೂ ಮಾಡಿಲ್ಲ.

ಐದನೆಯ ದಿನ ಮಧ್ವೇಶ ಕಲ್ಯಾಣಕ್ಕೆ ಹೋದ. ಕಿವಿಯ ಶಕ್ತಿ ಅಳೆಯುವ ಒಂದು ಕ್ಲಿನಿಕ್. ಅಳೆಯುವವರು ಶ್ರೀವಿದ್ಯಾ ಎಂದು, ಮೈಸೂರಿನ ಕಡೆಯವರು. ಗಾಜಿನ ಕೋಣೆಗೆ ಕಳಿಸುವ ಮೊದಲು ಸಣ್ಣ ದೀಪ ಹಿಡಿದು ಎರಡೂ ಕಿವಿ ನೋಡಿದರು. ಬಲಗಿವಿ ನೋಡಿ ಸರಿ ಎಂದರು. ಎಡಗಿವಿಗೆ ಬಂದು ದೀಪ ಅಲ್ಲೇ ನಿಂತಿತು.

"ಅಲ್ಲಾಡಬೇಡಿ," ಎಂದರು. ಚಿಮಟ ತೆಗೆದುಕೊಂಡರು.

ಹೊರಗೆ ಬಂದದ್ದು ಕಡಲೆಕಾಳಿನಷ್ಟು ಸ್ಪಂಜು. ನೀಲಿ. ಅದಕ್ಕೆ ಕಟ್ಟಿದ ಒಂದು ಬಿಳಿಯ ದಾರ.

"ಕಿವಿ ಅಚ್ಚು ತೆಗೆಸಿದ್ರಾ?"

"ಇಲ್ಲ."

"ಅವರವರ ಕಿವಿ ಅಳತೆಗೇ ಇಯರ್‌ಫೋನ್ ಮಾಡಿಸ್ತಾರಲ್ಲ, ಅದಕ್ಕೆ ಕಿವಿಯೊಳಗೆ ಮೆತ್ತನೆ ಪೇಸ್ಟ್ ತುಂಬಿ ಅಚ್ಚು ತೆಗೀತಾರೆ. ಪೇಸ್ಟ್ ಪರದೆಗೆ ತಾಗಬಾರದು ಅಂತ ಮೊದಲು ಇದನ್ನ ಒಳಗಿಡೋದು. ಅಚ್ಚಿನ ಜೊತೆ ಹೊರಗೆ ಬರಬೇಕು. ನಿಮ್ಮದು ಒಳಗೇ ಉಳಿದುಬಿಟ್ಟಿದೆ." ಬಟ್ಟಲಲ್ಲಿಟ್ಟು ದೀಪ ಹಿಡಿದು ನೋಡಿದರು. "ಮೇಣ ಹತ್ತಿಲ್ಲ. ನಾಲ್ಕೈದು ದಿನದ್ದು ಅಷ್ಟೇ."

ಆಮೇಲೆ ಕೋಣೆಯಲ್ಲಿ ಕೂರಿಸಿ ಅಳತೆ ಮಾಡಿದರು. ಬಲ ಸರಿ. ಎಡ ಕಡಿಮೆ. ಒಂದೆರಡು ವರ್ಷದಿಂದ ಇರಬಹುದು, ಸ್ಪಂಜಿಗೂ ಇದಕ್ಕೂ ಸಂಬಂಧ ಇಲ್ಲ, ದೊಡ್ಡ ಸದ್ದು ಕೇಳುವ ಕೆಲಸವೇ ಎಂದು ವಿಚಾರಿಸಿದರು. ಹೌದು ಎಂದ.

ಕೊನೆಗೆ ಫಾರಮ್ ತುಂಬುವಾಗ ಮತ್ತೆ ಕೇಳಿದರು.

"ಅಚ್ಚು ತೆಗೆದವರು ಯಾರು? ಇಲ್ಲಿ ಬರೀಬೇಕು. ಬೇಗ ಆಗೋ ಕೆಲಸ ಅಲ್ಲ ಅದು, ಪೇಸ್ಟ್ ಗಟ್ಟಿ ಆಗೋವರೆಗೂ ಅಲ್ಲಾಡದೆ ಕೂರಬೇಕು. ಮರೆಯೋಕೆ ಆಗೋಲ್ಲ."

ಮಧ್ವೇಶ ಬಟ್ಟಲಲ್ಲಿದ್ದ ಸ್ಪಂಜನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅವರು ಆ ಜಾಗ ಖಾಲಿ ಬಿಟ್ಟರು.

ಆ ಫಾರಮ್ ನಾನು ನೋಡಿದ್ದೇನೆ. ಆ ಸ್ಪಂಜನ್ನೂ ನೋಡಿದ್ದೇನೆ, ಮಾತ್ರೆಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಬೇಕಾದರೆ ಮೂರನೇ ಮಾಳಿಗೆಗೆ ಬನ್ನಿ, ಗಂಟೆ ಒತ್ತಿ, ಕೇಳಿ. ತೋರಿಸುತ್ತಾನೆ. ನೀಲಿ ಇದೆ. ದಾರ ಹರಿದದ್ದಲ್ಲ. ಅದರ ತುದಿಯನ್ನು ಕತ್ತರಿಯಿಂದ ಚೊಕ್ಕವಾಗಿ ಕತ್ತರಿಸಿದ್ದಾರೆ.